ಕಣ್ಣಿಗೊಬ್ಬ ಗುರು: ರೋಣ ಸೀಮೆಯಿಂದ ಕಾರಂತರ ಕಲಾವಿಮರ್ಶೆಯನ್ನು ಓದಿದಾಗ

ಗದಗ ಸೀಮೆಯ ಜನಕ್ಕೆ ಕಿವಿ ತಯಾರಾಗಿದೆ ಎಂಬ ಮಾತಿಗೆ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ರೋಣದಲ್ಲಿ. ಪಂಚಾಕ್ಷರಿ ಗವಾಯಿಗಳು ಕಟ್ಟಿ ಪುಟ್ಟರಾಜ ಗವಾಯಿಗಳು ಬೆಳೆಸಿದ ಪುಣ್ಯಾಶ್ರಮ ಇರುವುದು ಗದಗಿನಲ್ಲಿ. ಅಲ್ಲಿಂದ ಹೊರಬಂದ ಗಾಯಕರು, ವಾದಕರು, ಕೀರ್ತನಕಾರರು ಹಳ್ಳಿಹಳ್ಳಿಯ ಜಾತ್ರೆ, ಪುರಾಣ, ಭಜನೆಗಳಲ್ಲಿ ಹಾಡಿ ಬಾರಿಸಿ ಕೇಳುಗರನ್ನು ತಿದ್ದಿದ್ದಾರೆ. ಹಾಗಾಗಿ ಸ್ವರ ತಪ್ಪಿದರೆ ಕಟ್ಟೆಯ ಮೇಲೆ ಕೂತವರೂ ಮುಖ ಕಿವುಚುತ್ತಾರೆ. ಇದೇ ಸೀಮೆಯಲ್ಲಿ ಕಣ್ಣಿನ ಸಂಪತ್ತೂ ಕಡಿಮೆಯೇನಿಲ್ಲ. ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ, ರೋಣದ ಊರೊಳಗೇ ಇರುವ ಹಳೆಯ ಗುಡಿಗಳು, ನರೇಗಲ್ಲಿನ ರಾಷ್ಟ್ರಕೂಟರ ಕಾಲದ ದೇವಾಲಯ, ಗಜೇಂದ್ರಗಡದ ಕಾಲಕಾಲೇಶ್ವರ, ನರಗುಂದದ ಗುಡ್ಡ ಮತ್ತು ಕೋಟೆ, ಮಗ್ಗದ ಮೇಲಿನ ಸೀರೆ, ದೊಡ್ಡಾಟದ ಕಿರೀಟ ಮತ್ತು ಭುಜಕೀರ್ತಿ. ಆದರೆ ಇವುಗಳ ಮುಂದೆ ನಿಂತಾಗ ನಮ್ಮ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಎರಡೇ: ಯಾವ ರಾಜನ ಕಾಲದ್ದು, ಯಾವ ದೇವರದ್ದು. ಕಂಬ ಚೆನ್ನಾಗಿದೆಯೇ, ಚೆನ್ನಾಗಿದ್ದರೆ ಯಾಕೆ, ಪಕ್ಕದ ಕಂಬ ಅದರಷ್ಟು ಚೆನ್ನಾಗಿಲ್ಲದಿದ್ದರೆ ಅದು ಯಾಕೆ ಎಂಬ ಮಾತು ಹೊರಡುವುದಿಲ್ಲ. ಕಿವಿಗೆ ಸಿಕ್ಕ ಶಿಕ್ಷಣ ಕಣ್ಣಿಗೆ ಸಿಗಲಿಲ್ಲ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಕನ್ನಡದಲ್ಲಿ ಆ ಶಿಕ್ಷಣ ಕೊಡಲು ಹೊರಟ ಮೊದಲಿಗರಲ್ಲಿ ಕೋಟ ಶಿವರಾಮ ಕಾರಂತರು ಒಬ್ಬರು. ಕಾದಂಬರಿಕಾರರಾಗಿ ಅವರನ್ನು ಓದದವರಿಲ್ಲ. ಚಿತ್ರ ಬರೆದ, ಚಿತ್ರಶಿಲ್ಪಗಳನ್ನು ವಿಮರ್ಶಿಸಿದ ಕಾರಂತರು ಮಾತ್ರ ಆ ಹೆಸರಿನ ನೆರಳಿನಲ್ಲೇ ಉಳಿದಿದ್ದಾರೆ. ಉತ್ತರ ಕರ್ನಾಟಕದ ರೋಣ, ಗಜೇಂದ್ರಗಡ, ನರಗುಂದ ಎಂಬ ಮೂರು ಊರುಗಳಿಗೆ ಇವತ್ತು ಹೆಚ್ಚು ಬೇಕಾದವರು ಈ ಎರಡನೆಯ ಕಾರಂತರು ಎಂಬುದು ಈ ಲೇಖನದ ವಾದ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಬಳಿಯ ಕೋಟದಲ್ಲಿ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು, ಖಾದಿ ಪ್ರಚಾರ ಮಾಡಿದರು, ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು. ಆಮೇಲೆ ಪುತ್ತೂರಿನಲ್ಲಿ ನೆಲೆನಿಂತು ಸುಮಾರು ನಾಲ್ಕು ದಶಕ ಕಳೆದರು. ಅಲ್ಲಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು, ನಾಟಕ ಆಡಿಸಿದರು, ನೃತ್ಯ ಕಲಿತರು, ಮುದ್ರಣಾಲಯ ನಡೆಸಿದರು, ಕ್ಯಾಮೆರಾ ಹಿಡಿದರು. 1930–31ರ ಹೊತ್ತಿಗೆ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿಚಿತ್ರಗಳನ್ನೂ ತಯಾರಿಸಿದರು. 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ ಎಂಬ ಸಚಿತ್ರ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ತಂದರು. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಸೇರಿ 47 ಕಾದಂಬರಿ ಬರೆದರು. ‘ಮೂಕಜ್ಜಿಯ ಕನಸುಗಳು’ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಇಷ್ಟು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೆಂದರೆ ಅವರ ಕಲಾಗ್ರಂಥಗಳ ಸಾಲು. ‘ಭಾರತೀಯ ಚಿತ್ರಕಲೆ’ ಬಂದದ್ದು 1930ರಲ್ಲಿ, ಅಂದರೆ ‘ಚೋಮನ ದುಡಿ’ಗೂ ಮೊದಲು. ‘ಯಕ್ಷಗಾನ ಬಯಲಾಟ’ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕರ್ನಾಟಕದ ಚಿತ್ರಕಲೆಯ ಮೇಲೆ ಅವರು ಬರೆದ ಇಂಗ್ಲಿಷ್ ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಪ್ರಕಟಿಸಿತು. ಆಮೇಲೆ ‘ಕಲಾಪ್ರಪಂಚ’ ಬಂತು. ಇಪ್ಪತ್ತೆಂಟರ ತರುಣನಾಗಿ ಹಿಡಿದ ವಿಷಯವನ್ನು ಎಪ್ಪತ್ತು ದಾಟಿದ ಮೇಲೂ ಕೈಬಿಡದವರನ್ನು ಹವ್ಯಾಸಿ ಎಂದು ಬದಿಗೆ ಸರಿಸುವುದು ಕಷ್ಟ.

1930ರಲ್ಲಿ ಕನ್ನಡದಲ್ಲಿ ಚಿತ್ರಕಲೆಯ ಪುಸ್ತಕ ಬರೆಯುವುದೆಂದರೆ ಏನು ಎಂಬುದನ್ನು ತಿಳಿಯಲು ಅಂದಿನ ಓದುಗನ ಮನೆಯ ಗೋಡೆ ನೋಡಬೇಕು. ಅಲ್ಲಿದ್ದದ್ದು ರಾಜಾ ರವಿವರ್ಮನ ಅಚ್ಚಿನ ಚಿತ್ರಗಳು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿ, ದಮಯಂತಿಯರು ಕಡಿಮೆ ಬೆಲೆಗೆ ದೇಶವೆಲ್ಲ ಹರಡಿದ್ದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಪೇಟೆಗಳಿಗೆ ಅವು ಬಂದು ಮುಟ್ಟುವುದು ಸಲೀಸಾಗಿತ್ತು. ಅದು ಬಿಟ್ಟರೆ ಚಿತ್ರ ಎಂದರೆ ನಾಟಕ ಕಂಪನಿಗಳ ಪರದೆ: ಅರಮನೆ, ಕಾಡು, ಬೀದಿ, ಎಲ್ಲವೂ ಆಳ ಕಾಣುವಂತೆ ಬಣ್ಣದಲ್ಲಿ ಬರೆದದ್ದು. ಇತ್ತ ಕಲ್ಕತ್ತೆಯಲ್ಲಿ ಹ್ಯಾವೆಲ್, ಅವನೀಂದ್ರನಾಥ ಠಾಕೂರ್, ಆನಂದ ಕುಮಾರಸ್ವಾಮಿ ಮೊದಲಾದವರು ರವಿವರ್ಮನದು ಯುರೋಪಿನ ಎರವಲು ಎಂದು ತೆಗೆದುಹಾಕಿ, ಅಜಂತಾ ಮತ್ತು ಮೊಗಲ್ ಚಿತ್ರಗಳ ಕಡೆಗೆ ಬೆರಳು ತೋರಿಸುತ್ತಿದ್ದರು. 1909–11ರಲ್ಲಿ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾ ಚಿತ್ರಗಳ ನಕಲು ತೆಗೆಸಿದಾಗ ಆ ತಂಡದಲ್ಲಿ ನಂದಲಾಲ್ ಬೋಸ್ ಜೊತೆಗೆ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಕನ್ನಡದಲ್ಲೂ ಈ ವಾಗ್ವಾದದ ಬಿಸಿ ತಟ್ಟಿತು. ಅ.ನ. ಕೃಷ್ಣರಾಯರು ರವಿವರ್ಮನ ಸ್ಥಾನವನ್ನು ಕುರಿತೇ ಒಂದು ಪುಸ್ತಕ ಬರೆದರು. ಆದರೆ ವಾದದ ಬಹುಭಾಗ ನಡೆದದ್ದು ಇಂಗ್ಲಿಷಿನಲ್ಲಿ. ಅದನ್ನು ಓದಬಲ್ಲವರು ಕೆಲವರೇ, ಮೂಲ ಚಿತ್ರಗಳನ್ನು ಕಂಡವರು ಇನ್ನೂ ಕಡಿಮೆ. ಬಣ್ಣದ ಬ್ಲಾಕು ದುಬಾರಿಯಾಗಿದ್ದ ಕಾಲದಲ್ಲಿ ರೋಣದ ಶಾಲಾ ಮಾಸ್ತರರೊಬ್ಬರು ಅಜಂತಾ ಚಿತ್ರ ಹೇಗಿದೆ ಎಂದು ತಿಳಿಯಬೇಕಾದರೆ ಅದನ್ನು ಮಾತಿನಲ್ಲಿ ಕಟ್ಟಿಕೊಡುವವರು ಬೇಕಿತ್ತು. ಕಾರಂತರ ಪುಸ್ತಕ ಇಳಿದದ್ದು ಈ ಜಾಗಕ್ಕೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಕಾರಂತರು ಕುಂಚ ಹಿಡಿದರು ನಿಜ, ಆದರೆ ಅವರನ್ನು ವೆಂಕಟಪ್ಪನವರ ಅಥವಾ ಕೆ.ಕೆ. ಹೆಬ್ಬಾರರ ಸಾಲಿನಲ್ಲಿ ಯಾರೂ ಕೂರಿಸುವುದಿಲ್ಲ. ಹತ್ತು ಕೆಲಸಕ್ಕೆ ಕೈಹಾಕಿದವರು ಒಂದರಲ್ಲೂ ಪೂರ್ತಿ ಪಳಗಲಿಲ್ಲ ಎಂಬ ಮಾತು ಅವರ ಕಾಲದಲ್ಲೂ ಇತ್ತು. ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟು ಅವರೇ ಆ ಟೀಕೆಗೆ ಅರ್ಧ ಒಪ್ಪಿಗೆ ಕೊಟ್ಟಂತಿದೆ. ಆದರೆ ವಿಮರ್ಶಕನಿಗೆ ಕುಂಚದಿಂದ ಸಿಗಬೇಕಾದದ್ದು ಕೀರ್ತಿಯಲ್ಲ, ತಿಳಿವಳಿಕೆ. ಒಮ್ಮೆಯಾದರೂ ಬರಿಗೈಯಿಂದ ಒಂದು ತೋಳಿನ ಹೊರಗೆರೆಯನ್ನು ಎಳೆಯಲು ನೋಡಿದವರಿಗೆ ಆ ಗೆರೆ ಮೊಣಕೈಯಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ದಪ್ಪವಾಗಬೇಕು, ಎಲ್ಲಿ ಕೈ ಎತ್ತಿ ಬಿಡಬೇಕು ಎಂಬ ಕಷ್ಟ ಗೊತ್ತಾಗುತ್ತದೆ. ಆಮೇಲೆ ಅಜಂತಾದ ಒಂದು ಗೆರೆಯನ್ನು ನೋಡಿದಾಗ ಬರುವ ಮೆಚ್ಚುಗೆ ಬೇರೆ ಜಾತಿಯದು. ಅದು ಭಕ್ತಿಯೂ ಅಲ್ಲ, ಬೆರಗೂ ಅಲ್ಲ, ಕಸುಬಿನ ಗೌರವ. ಸಂಗೀತದಲ್ಲಿ ಇದನ್ನು ನಾವು ಸುಲಭವಾಗಿ ಒಪ್ಪುತ್ತೇವೆ. ತಾನು ದೊಡ್ಡ ಗವಾಯಿಯಾಗದಿದ್ದರೂ ನಾಲ್ಕು ವರ್ಷ ಹಾರ್ಮೋನಿಯಂ ಬಾರಿಸಿದವನ ಮಾತಿಗೆ ಬೈಠಕ್‌ನಲ್ಲಿ ಬೆಲೆ ಇದೆ. ಚಿತ್ರದಲ್ಲಿ ಮಾತ್ರ ಯಾಕೆ ಬೇಡ? ಇನ್ನೊಂದು ಮಾತನ್ನೂ ನೆನೆಯಬೇಕು. 1930ರ ಕನ್ನಡ ನಾಡಿನಲ್ಲಿ ಚಿತ್ರಶಾಲೆಗಳು ಬೆರಳೆಣಿಕೆಯವು, ಗ್ಯಾಲರಿ ಎಂಬುದು ತೀರಾ ಅಪರೂಪ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಶುರುವಾದದ್ದು 1960ರಲ್ಲಿ. ಕಲಾವಿಮರ್ಶೆಯೊಂದನ್ನೇ ಮಾಡಿ ಬದುಕುವ ತಜ್ಞ ಆ ದಿನಗಳಲ್ಲಿ ಹುಟ್ಟುವುದು ಸಾಧ್ಯವಿರಲಿಲ್ಲ. ಅಚ್ಚುಕೂಟದ ಬ್ಲಾಕು, ಕ್ಯಾಮೆರಾದ ಬೆಳಕು, ರಂಗದ ಬಣ್ಣ, ಕುಂಚದ ಗೆರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲವರೇ ಅಂಥ ಪುಸ್ತಕ ಬರೆಯಬಹುದಿತ್ತು. ಕಾರಂತರ ಹರವು ಅವರ ವಿಮರ್ಶೆಯ ದೌರ್ಬಲ್ಯವಾಗಲಿಲ್ಲ, ಅದರ ಬಂಡವಾಳವಾಯಿತು.

ಈ ಸೀಮೆಗೆ ಕಲೆಯ ಬಗ್ಗೆ ಮಾತಾಡುವ ಇನ್ನೊಂದು ದಾರಿ ಮೊದಲೇ ಗೊತ್ತಿತ್ತು. ಅದು ಅಭಿಮಾನದ ದಾರಿ. ಅದರ ದೊಡ್ಡ ಹೆಸರು ಆಲೂರು ವೆಂಕಟರಾಯರದು. ಹುಟ್ಟಿದ್ದು ವಿಜಯಪುರದಲ್ಲಾದರೂ ಅವರ ಮನೆತನದ ಹೆಸರು ರೋಣ ತಾಲ್ಲೂಕಿನ ಹೊಳೆಆಲೂರಿನದು. 1917ರಲ್ಲಿ ಬಂದ ಅವರ ‘ಕರ್ನಾಟಕ ಗತವೈಭವ’ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ನಿಮಗೂ ಒಂದು ಹಿಂದಿನ ಬಾಳಿದೆ ಎಂದು ಹೇಳಿತು. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರದ ಕಲ್ಲುಗಳು ಆ ಪುಸ್ತಕದಲ್ಲಿ ಸಾಕ್ಷಿಗಳಾಗಿ ನಿಂತವು. ಆ ಕೆಲಸ ಆಗಲೇಬೇಕಿತ್ತು. ಅದಿಲ್ಲದೆ 1956ರ ನವೆಂಬರ್ 1ರ ಏಕೀಕರಣಕ್ಕೆ ಬೇಕಾದ ಭಾವನೆ ಕಟ್ಟಿಕೊಳ್ಳುತ್ತಿರಲಿಲ್ಲ. ಆದರೆ ಅಭಿಮಾನಕ್ಕೆ ಒಂದು ಮಿತಿ ಇದೆ. ಅದಕ್ಕೆ ಗುಡಿ ನಮ್ಮದಾಗಿದ್ದರೆ ಸಾಕು, ಗುಡಿಯನ್ನು ನೋಡಬೇಕಾಗಿಲ್ಲ. ನಮ್ಮದೆಲ್ಲವೂ ಶ್ರೇಷ್ಠ ಎಂದಮೇಲೆ ಒಂದಕ್ಕಿಂತ ಇನ್ನೊಂದು ಹೇಗೆ ಮೇಲು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅಭಿಮಾನವೇ ಅಲ್ಲವೇ ಗುಡಿಗಳನ್ನು ಉಳಿಸಿದ್ದು ಎಂದು ಕೇಳಬಹುದು. ಬೀಳುವುದರಿಂದ ಕೆಲವನ್ನು ಉಳಿಸಿರಬಹುದು. ಆದರೆ ಅದೇ ಅಭಿಮಾನ ಭಕ್ತಿಯ ಜೊತೆ ಸೇರಿ ಎಷ್ಟೋ ಹಳ್ಳಿಗಳಲ್ಲಿ ಕೆತ್ತನೆಯ ಕಂಬಕ್ಕೆ ಸುಣ್ಣ ಬಳಿದಿದೆ, ಮೂರ್ತಿಗೆ ಆಯಿಲ್ ಪೇಂಟ್ ಹಚ್ಚಿದೆ, ಹಾಸುಗಲ್ಲು ಕಿತ್ತು ಟೈಲ್ಸ್ ಕೂರಿಸಿದೆ. ಪೇಂಟು ಹಚ್ಚಿದವರು ಗುಡಿಯನ್ನು ಪ್ರೀತಿಸಿಯೇ ಹಚ್ಚಿದರು. ಆ ಬಣ್ಣ ಯಾವುದನ್ನು ಮುಚ್ಚಿತು ಎಂಬುದನ್ನು ಅವರಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಹಾಗಾದರೆ ತೋರಿಸುವುದು ಎಂದರೇನು? ಈ ಸೀಮೆಯ ಒಂದು ವಿಶೇಷವನ್ನೇ ಉದಾಹರಣೆಗೆ ಹಿಡಿಯೋಣ. ರೋಣ, ಗಜೇಂದ್ರಗಡ, ನರಗುಂದ ಇರುವುದು ಎರಡು ದೊಡ್ಡ ಶಿಲ್ಪ ಪರಂಪರೆಗಳ ನಡುವೆ. ಉತ್ತರಕ್ಕೆ ಹೋದರೆ ಬಾದಾಮಿ, ಪಟ್ಟದಕಲ್ಲುಗಳ ಕೆಂಪು ಮರಳುಗಲ್ಲು. ದಕ್ಷಿಣಕ್ಕೆ ಮತ್ತು ಪೂರ್ವಕ್ಕೆ ಬಂದರೆ ಲಕ್ಕುಂಡಿ, ಇಟಗಿಗಳ ಹಸಿರು ಛಾಯೆಯ ಬಳಪದ ಕಲ್ಲು. ಮೊದಲನೆಯದು ಆರರಿಂದ ಎಂಟನೆಯ ಶತಮಾನದ ಕೆಲಸ, ಎರಡನೆಯದು ಹನ್ನೊಂದು–ಹನ್ನೆರಡನೆಯ ಶತಮಾನದ್ದು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ್ದು 1007ರಲ್ಲಿ, ಇಟಗಿಯ ಮಹಾದೇವ ದೇವಾಲಯ ಆದದ್ದು 1112ರಲ್ಲಿ. ಮರಳುಗಲ್ಲು ಹರಳುಹರಳಾಗಿರುವುದರಿಂದ ಅದರಲ್ಲಿ ತೀರಾ ಸಣ್ಣ ಕೆಲಸ ಮಾಡಿದರೆ ಅಂಚು ಉದುರುತ್ತದೆ. ಶಿಲ್ಪಿ ಅನಿವಾರ್ಯವಾಗಿ ದೊಡ್ಡ ಮೈ, ತುಂಬಿದ ಭುಜ, ಅಗಲವಾದ ಇಳಿಜಾರುಗಳಲ್ಲಿ ಯೋಚಿಸುತ್ತಾನೆ. ಬಾದಾಮಿಯ ವಿಷ್ಣುವಿನ ಬಲ ಇರುವುದು ಆ ಮೈಯ ತೂಕದಲ್ಲಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಹೂಬಳ್ಳಿಯ ಹಿಂಬದಿಯನ್ನೂ ಕೊರೆದು ನೆರಳು ಹುಟ್ಟಿಸಬಹುದು, ಕಂಬವನ್ನು ಚರಕಿಗೆ ಏರಿಸಿ ತಿರುಗಿಸಿ ಬಳೆಬಳೆಯಾಗಿ ಕಡೆಯಬಹುದು. ಅಲ್ಲಿ ಸೊಗಸು ಇರುವುದು ಬೆಳಕು ನೆರಳಿನ ಆಟದಲ್ಲಿ. ಒಂದನ್ನು ಇನ್ನೊಂದರ ಅಳತೆಯಿಂದ ತೂಗಿದರೆ ಎರಡಕ್ಕೂ ಅನ್ಯಾಯ. ಇಷ್ಟು ತಿಳಿದುಕೊಂಡು ಸೂಡಿಗೆ ಹೋಗಬೇಕು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿ ಆಡಳಿತ ನಡೆಸಿದ ಊರದು. ಅಲ್ಲಿನ ಜೋಡು ಕಳಸದ ಗುಡಿಯಲ್ಲಿ ಒಂದೇ ಮಂಟಪದ ಎರಡು ತುದಿಗೆ ಎರಡು ಗರ್ಭಗುಡಿ, ಎರಡರ ಮೇಲೂ ಶಿಖರ. ಹೊರಗಿನಿಂದ ನೋಡುವವರ ಕಣ್ಣು ಒಂದು ಶಿಖರದಿಂದ ಇಳಿದು, ಮಂಟಪದ ಅಡ್ಡಗೆರೆಯ ಮೇಲೆ ಸಾಗಿ, ಇನ್ನೊಂದು ಶಿಖರಕ್ಕೆ ಏರುತ್ತದೆ. ಕಟ್ಟಿದವರು ಕಣ್ಣಿನ ಈ ನಡಿಗೆಯನ್ನು ಲೆಕ್ಕ ಹಾಕಿಯೇ ಕಟ್ಟಿದ್ದಾರೆ. ನಾಗಕುಂಡದಲ್ಲಿ ಇದಕ್ಕೆ ವಿರುದ್ಧ ಲೆಕ್ಕ. ಗುಡಿ ಮೇಲಕ್ಕೆ ಎಳೆದರೆ ಹೊಂಡ ಕೆಳಕ್ಕೆ ಎಳೆಯುತ್ತದೆ. ಆದರೂ ಅದರ ಗೋಡೆಯ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಬಿಡಿಸಿ ಶಿಲ್ಪಿಗಳು ನೀರಿನ ಜಾಗಕ್ಕೂ ಗುಡಿಯ ಗೌರವ ತಂದಿದ್ದಾರೆ. ಈ ಮಾತುಗಳಲ್ಲಿ ರಾಜನ ಹೆಸರು ಅಡಿಟಿಪ್ಪಣಿಯಷ್ಟೇ. ಕಲ್ಲು, ಉಳಿ, ಕಣ್ಣು ಇವು ಮೂರೇ ಮುಖ್ಯ. ಕಲಾವಿಮರ್ಶೆ ಎಂಬುದು ಇದೇ.

ದೇವರ ಜಾಗವನ್ನು ಹೀಗೆ ಕಲೆಯೆಂದು ಅಳೆಯುವುದು ಅಪಚಾರವಲ್ಲವೇ ಎಂಬುದು ಎರಡನೆಯ ಆಕ್ಷೇಪ. ಕಾರಂತರು ದೇವರನ್ನು ನಂಬದವರಾದ್ದರಿಂದ ಅವರಿಗೆ ಮೂರ್ತಿಯ ಮಹಿಮೆ ಹೇಗೆ ತಿಳಿಯಬೇಕು ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಉತ್ತರ ಕೊಡಬೇಕಾದವರು ಆ ಮೂರ್ತಿಗಳನ್ನು ಮಾಡಿದವರೇ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅಲ್ಲಿನ ಶಾಸನಗಳು ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನೂ ಸರ್ವಸಿದ್ಧಿ ಆಚಾರಿಯನ್ನೂ ಬಿರುದುಗಳ ಸಮೇತ ಹೊಗಳುತ್ತವೆ. ಮುಂದೆ ಹೊಯ್ಸಳರ ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದರು. ದೇವರ ಕೆಲಸ ಮಾಡುವಾಗಲೂ ಇದು ನನ್ನ ಕೈಯ ಕೆಲಸ, ಇದನ್ನು ಕೆಲಸವಾಗಿಯೂ ನೋಡಿ ಎಂಬ ಆಸೆ ಶಿಲ್ಪಿಗಳಿಗಿತ್ತು. ರಾಜರು ಅದಕ್ಕೆ ಗೌರವ, ಬಿರುದು ಕೊಟ್ಟು ಒಪ್ಪಿದರು. ಹೀಗಿರುವಾಗ ಕೆಲಸದ ಗುಣ ಕೇಳುವುದು ಭಕ್ತಿಗೆ ಎದುರಾಗುವುದಿಲ್ಲ. ಪೂಜೆಗೆ ಬಂದವರು ಪೂಜೆ ಮಾಡಲಿ, ನೋಡಬಂದವರು ನೋಡಲಿ. ಒಬ್ಬರೇ ಎರಡನ್ನೂ ಮಾಡುವುದಕ್ಕೂ ಅಡ್ಡಿಯಿಲ್ಲ. ‘ಮೂಕಜ್ಜಿಯ ಕನಸುಗಳು’ ಓದಿದವರಿಗೆ ಗೊತ್ತಿರುವಂತೆ, ಕಾರಂತರಿಗೆ ದೇವರಿಗಿಂತ ದೇವರನ್ನು ಕಲ್ಪಿಸಿಕೊಂಡ ಮನುಷ್ಯನ ಮೇಲೆ ಕುತೂಹಲ ಹೆಚ್ಚು. ಶಿಲ್ಪದ ಮುಂದೆ ಆ ಕುತೂಹಲ ಅವಗುಣವಲ್ಲ. ಕಲ್ಲಿನಲ್ಲಿ ಮನುಷ್ಯನ ಕೈ ಎಲ್ಲಿದೆ ಎಂದು ಹುಡುಕಿಸುವುದೂ ಅದೇ.

ಚಿತ್ರಕಲೆಯ ವಿಷಯಕ್ಕೆ ಬಂದರೆ ಕರ್ನಾಟಕದ ತೊಂದರೆ ಬೇರೆ. ಶಿಲ್ಪ ಉಳಿಯಿತು, ಬಣ್ಣ ಉದುರಿಹೋಯಿತು. ರೋಣದಿಂದ ಹೆಚ್ಚು ದೂರವಿಲ್ಲದ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಆ ಗುಹೆಯ ಕಪೋತದ ಒಳಬದಿಯಲ್ಲಿ ಆ ಕಾಲದ ವರ್ಣಚಿತ್ರಗಳ ತುಣುಕುಗಳಿವೆ. ಅವು ಇರುವ ಜಾಗ ಗಾಳಿ, ಬಿಸಿಲು, ತೇವಕ್ಕೆ ತೆರೆದದ್ದು. ಅಜಂತಾದಂತೆ ಒಳಗಿನ ಕತ್ತಲೆಯ ರಕ್ಷಣೆ ಅವಕ್ಕಿಲ್ಲ. ಹಾಗಾಗಿ ಬಹುಪಾಲು ನಾಶವಾಗಿದೆ. ಪಂಡಿತರ ಗಮನ ಅವುಗಳ ಕಡೆ ಸರಿಯಾಗಿ ಹರಿದದ್ದೇ 1930ರ ದಶಕದಲ್ಲಿ, ಸ್ಟೆಲ್ಲಾ ಕ್ರಾಮ್ರಿಶ್ ಬರೆದ ಮೇಲೆ. ಅಲ್ಲಿಂದ ವಿಜಯನಗರದ ಕಾಲದ ಹಂಪಿ ವಿರೂಪಾಕ್ಷ ಗುಡಿಯ ಮಂಟಪದ ಮಾಳಿಗೆಗೆ, ಶ್ರವಣಬೆಳಗೊಳದ ಮಠದ ಗೋಡೆಗೆ, ಮೈಸೂರಿನ ಸಾಂಪ್ರದಾಯಿಕ ಚಿತ್ರಗಳಿಗೆ ಬರುವ ಹೊತ್ತಿಗೆ ನಡುನಡುವೆ ನೂರಾರು ವರ್ಷ ಖಾಲಿ. ಹೀಗೆ ಕೊಂಡಿ ಕಳಚಿದ ಸರಪಳಿಯನ್ನು ಒಟ್ಟಾಗಿ ನೋಡಿ ಇದು ಕರ್ನಾಟಕದ ಚಿತ್ರಕಲೆ ಎಂದು ಒಂದು ಪುಸ್ತಕದಲ್ಲಿ ಇಡುವುದು ಧೈರ್ಯದ ಕೆಲಸ. 1973ರ ಗ್ರಂಥದಲ್ಲಿ ಕಾರಂತರು ಆ ಧೈರ್ಯ ಮಾಡಿದರು. ಇತಿಹಾಸಕಾರರು ಶಾಸನದ ಆಧಾರ ಸಿಗುವವರೆಗೆ ಕಾಯುತ್ತಾರೆ, ಕಾಯಬೇಕು ಕೂಡ. ಚಿತ್ರ ಬರೆದವರು ಒಂದು ಗೆರೆಯ ಸ್ವಭಾವ, ಬಣ್ಣ ಕೂರಿಸಿದ ಬಗೆ, ಮುಖ ತಿರುಗಿಸಿದ ರೀತಿ ಹಿಡಿದು ಹೋಲಿಕೆಗಳನ್ನು ಗುರುತಿಸಲು ಹೊರಡುತ್ತಾರೆ. ಅವುಗಳಲ್ಲಿ ಕೆಲವು ಮುಂದಿನ ಸಂಶೋಧನೆಯಲ್ಲಿ ತಪ್ಪೆಂದು ತೀರ್ಮಾನವಾಗಬಹುದು. ಆದರೂ ಹೋಲಿಸುವ ಆ ಮೊದಲ ಹೆಜ್ಜೆಯಿಲ್ಲದೆ ಮುಂದಿನ ಸಂಶೋಧಕರಿಗೆ ತಿದ್ದಲು ಏನೂ ಸಿಗುತ್ತಿರಲಿಲ್ಲ.

ಕಾರಂತರ ವಿಮರ್ಶೆಗೆ ನಿಜವಾದ ಪರೀಕ್ಷೆ ಆದದ್ದು ಯಕ್ಷಗಾನದಲ್ಲಿ. ಅಲ್ಲೇ ಅವರ ಮೇಲೆ ಬಂದ ಆಕ್ಷೇಪವೂ ಗಟ್ಟಿಯಾದದ್ದು. ಊರೂರು ಸುತ್ತಿ ಹಳೆಯ ಪ್ರಸಂಗಗಳ ಪ್ರತಿ ಹುಡುಕಿ, ವಯಸ್ಸಾದ ಕಲಾವಿದರನ್ನು ಮಾತಾಡಿಸಿ, ಹಾಡು, ಕುಣಿತ, ವೇಷ, ಬಣ್ಣಗಳನ್ನು ದಾಖಲಿಸಿದವರು ಅವರು. ನಾಟಕ ಕಂಪನಿಗಳ ಪ್ರಭಾವದಿಂದ ವೇಷಭೂಷಣಕ್ಕೆ ಬಂದ ಬೆಡಗನ್ನು ಅವರು ಒಪ್ಪಲಿಲ್ಲ. ಮುಂಡಾಸು, ಕೇದಗೆ ಮುಂದಲೆ, ಮುಖವರ್ಣಿಕೆ ಇವೆಲ್ಲ ಸೇರಿ ನಟನನ್ನು ದಿನನಿತ್ಯದ ಲೋಕದಿಂದ ಬೇರೆ ಲೋಕಕ್ಕೆ ಒಯ್ಯುತ್ತವೆ, ಆ ಲೋಕ ಒಡೆಯಬಾರದು ಎಂಬುದು ಅವರ ನಿಲುವಿನ ತಿರುಳು. ಇದು ಚಿತ್ರಗಾರನ ಕಣ್ಣು ಆಡಿದ ಮಾತು. ಬಣ್ಣವೊಂದು ಬೆಳಕಿಗೆ, ಹಿನ್ನೆಲೆಗೆ, ಪಕ್ಕದ ಬಣ್ಣಕ್ಕೆ ತಕ್ಕಂತೆ ಅರ್ಥ ಪಡೆಯುತ್ತದೆ. ದೀವಟಿಗೆಯ ಹಳದಿ ಬೆಳಕಿಗೆ ಹೊಂದಿದ ಕೆಂಪು ಕಪ್ಪುಗಳನ್ನು ತೆಗೆದು ಮಿಂಚುವ ಮಖಮಲ್ಲು ಹಾಕಿದರೆ ಬಟ್ಟೆ ಕಾಣುತ್ತದೆ, ಪಾತ್ರ ಕಾಣುವುದಿಲ್ಲ. ಆದರೆ ಹೀಗೆ ಪರಂಪರೆಯ ಪರ ನಿಂತವರೇ ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೋಫೋನ್ ತಂದರು, ಮಾತುಗಾರಿಕೆಯನ್ನು ಬಿಟ್ಟು ಹಾಡು ಕುಣಿತಗಳಲ್ಲೇ ಕಥೆ ಹೇಳುವ ಬ್ಯಾಲೆ ಕಟ್ಟಿದರು. ಇದು ಇಬ್ಬಂದಿತನ ಎಂದು ಆಗಲೂ ಜನ ಹೇಳಿದರು, ಈಗಲೂ ಹೇಳುತ್ತಾರೆ. ಆ ಟೀಕೆಯ ಒಂದು ಭಾಗವನ್ನು ಒಪ್ಪಲೇಬೇಕು. ಅರ್ಥಗಾರಿಕೆ, ಅಂದರೆ ಆ ಮಾತುಗಾರಿಕೆಯೇ, ಯಕ್ಷಗಾನದ ಜೀವ ಎಂದು ನಂಬಿದವರಿಗೆ ಆ ಬ್ಯಾಲೆ ಕಾಲು ಮುರಿದ ಕುದುರೆಯಂತೆ ಕಂಡದ್ದರಲ್ಲಿ ತಪ್ಪಿಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಕಂಪನಿಯ ಬೆಡಗು ಯೋಚನೆಯಿಲ್ಲದೆ ನುಗ್ಗಿ ಬಂದದ್ದು. ಕಾರಂತರ ಬದಲಾವಣೆ ಏನನ್ನು ಉಳಿಸಬೇಕು, ಏನನ್ನು ಬಿಡಬಹುದು ಎಂದು ವಾದಿಸಿ, ಸೋಲುವ ಅಪಾಯ ತಾವೇ ಹೊತ್ತು ರಂಗದ ಮೇಲೆ ಇಟ್ಟದ್ದು. ಅದನ್ನು ಒಪ್ಪದವರಿಗೂ ತಾವೇಕೆ ಒಪ್ಪುವುದಿಲ್ಲ ಎಂದು ಕಾರಣ ಕೊಡಬೇಕಾಯಿತು. ಯಕ್ಷಗಾನದ ಬಗ್ಗೆ ಕರಾವಳಿಯಲ್ಲಿ ಇವತ್ತಿಗೂ ನಡೆಯುವ ಬಿಸಿ ಚರ್ಚೆಗೆ ಇದೂ ಒಂದು ಕಾರಣ. ನಮ್ಮ ದೊಡ್ಡಾಟದ ವೇಷ, ಕಿರೀಟ, ಭುಜಕೀರ್ತಿಗಳ ಬಗ್ಗೆ ಅಷ್ಟು ಬಿಸಿಯ ಚರ್ಚೆ ಈ ಸೀಮೆಯಲ್ಲಿ ನಡೆಯಿತೇ? ನಡೆಯದೇ ಇದ್ದುದರಿಂದ ಯಾವ ಬಣ್ಣ ಹೋಯಿತು, ಯಾವುದು ಬಂತು ಎಂಬುದೂ ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ಕರಾವಳಿಯ ಮನುಷ್ಯನೊಬ್ಬನ ಮಾತು ಎರೆಭೂಮಿಯ ಜನಕ್ಕೆ ಯಾಕೆ ಬೇಕು ಎಂಬ ಕೊನೆಯ ಆಕ್ಷೇಪ ಸಣ್ಣದಾದರೂ ಉತ್ತರಕ್ಕೆ ಅರ್ಹ. ಕಾರಂತರಿಂದ ತೆಗೆದುಕೊಳ್ಳಬೇಕಾದದ್ದು ಅವರ ತೀರ್ಪುಗಳನ್ನಲ್ಲ, ನೋಡುವ ಕ್ರಮವನ್ನು. ಆ ಕ್ರಮವನ್ನು ಗಜೇಂದ್ರಗಡದ ಮಗ್ಗಕ್ಕೂ ಹಚ್ಚಬಹುದು. ಅಲ್ಲಿನ ಪಟ್ಟೆದಂಚು ಸೀರೆಯ ಒಡಲಿನಲ್ಲಿ ಸಣ್ಣ ಚೌಕಳಿ, ಎರಡೂ ಬದಿಗೆ ಅಗಲವಾದ ಒಂದೇ ಬಣ್ಣದ ಅಂಚು. ಚೌಕಳಿ ಕಣ್ಣನ್ನು ಓಡಾಡಿಸುತ್ತದೆ, ಅಂಚು ಅದನ್ನು ತಡೆದು ನಿಲ್ಲಿಸುತ್ತದೆ. ಅಂಚು ಸಣ್ಣದಾಗಿದ್ದರೆ ಸೀರೆ ಸಡಿಲವಾಗಿ ಕಾಣುತ್ತಿತ್ತು, ಚೌಕಳಿ ದೊಡ್ಡದಾಗಿದ್ದರೆ ಅಂಚಿನ ಜೊತೆ ಜಗಳಕ್ಕೆ ನಿಲ್ಲುತ್ತಿತ್ತು. ನೇಕಾರರಿಗೆ ಇದು ಕೈಯಲ್ಲೇ ಗೊತ್ತು. ಕೊಳ್ಳುವವರಿಗೂ ಗೊತ್ತಾದರೆ ಪವರ್‌ಲೂಮಿನ ಅಗ್ಗದ ನಕಲು ಮತ್ತು ಕೈಮಗ್ಗದ ಸೀರೆ ಬೇರೆ ಬೇರೆ ಎಂದು ವ್ಯಾಪಾರಿ ಹೇಳದೆಯೂ ತಿಳಿಯುತ್ತದೆ. ನರಗುಂದಕ್ಕೂ ಇದು ಅನ್ವಯಿಸುತ್ತದೆ. ಆ ಊರಿನ ಹೆಸರು ಹೇಳಿದರೆ 1858ರಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದು ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬ, 1980ರ ರೈತ ಬಂಡಾಯ ಕಣ್ಮುಂದೆ ಬರುತ್ತವೆ. ಬರಲೇಬೇಕು. ಆದರೆ ಇತಿಹಾಸದ ತೂಕ ಹೆಚ್ಚಾದ ಊರಿನಲ್ಲಿ ಕಣ್ಣು ಸೋಮಾರಿಯಾಗುತ್ತದೆ. ಗುಡ್ಡದ ಏರಿಳಿತಕ್ಕೆ ಹೊಂದಿಸಿ ಕೋಟೆಯ ಗೋಡೆ ಎಳೆದವರು ಯಾವ ಗೆರೆ ಹಿಡಿದರು ಎಂದು ನೋಡಲು ಬಂಡಾಯದ ಕಥೆ ಅಡ್ಡಿಯಾಗಬಾರದು.

ಹಾಗೆಂದು ಕಾರಂತರ ಕಲಾಬರಹ ಕೊನೆಯ ಮಾತಲ್ಲ. ಅವರ ನಂತರ ಶಾಸನ, ವಾಸ್ತು, ಬಣ್ಣದ ರಸಾಯನದ ಬಗ್ಗೆ ಬಹಳಷ್ಟು ತಿಳಿದಿದೆ. ಶಿಲ್ಪಿಗಳ ಜಾತಿ, ಕೂಲಿ, ಸಮುದಾಯ ಜೀವನದ ಪ್ರಶ್ನೆಗಳನ್ನು ಇಂದಿನ ವಿದ್ವಾಂಸರು ಕೇಳುತ್ತಿದ್ದಾರೆ. ಬರಿ ಚೆಲುವನ್ನು ನೋಡುವ ಕಣ್ಣಿಗೆ ಅವು ತಾವಾಗಿ ಕಾಣುವಂಥವಲ್ಲ. ಆದರೆ ಈ ಹೊಸ ಪ್ರಶ್ನೆಗಳಿಗೂ ಮೊದಲ ಮೆಟ್ಟಿಲು ನೋಟವೇ. ಕಂಬದ ಮೇಲಿನ ಉಳಿಯ ಗುರುತು ಕಾಣದವರಿಗೆ ಉಳಿ ಹಿಡಿದವರ ಬದುಕು ಕಾಣುವುದಿಲ್ಲ. ರೋಣ ಸೀಮೆಯಲ್ಲಿ ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಶಾಲೆಯ ಡ್ರಾಯಿಂಗ್ ಮಾಸ್ತರರು ವರ್ಷಕ್ಕೊಮ್ಮೆ ಮಕ್ಕಳನ್ನು ಸೂಡಿಗೆ ಕರೆದೊಯ್ದು, ಇಡೀ ಗುಡಿಯನ್ನಲ್ಲ, ಒಂದೇ ಕಂಬವನ್ನು ಬರೆಸಬಹುದು. ಗುಡಿಯ ಮುಂದಿನ ಫಲಕದಲ್ಲಿ ರಾಜನ ಹೆಸರು, ಇಸವಿಗಳ ಜೊತೆಗೆ ಯಾವ ಕಲ್ಲು, ಯಾವ ಬಗೆಯ ಕಂಬ, ಏನನ್ನು ಗಮನಿಸಬೇಕು ಎಂದು ಎರಡು ಸಾಲು ಸೇರಿಸಬಹುದು. ಜಿಲ್ಲೆಯ ಪತ್ರಿಕೆಗಳು ಸಂಗೀತ ಕಛೇರಿಗೆ ಕೊಡುವ ಜಾಗದಲ್ಲಿ ಒಂದಿಷ್ಟನ್ನು ಚಿತ್ರ ಶಿಲ್ಪಗಳ ವಿಮರ್ಶೆಗೆ ಕೊಡಬಹುದು. ಕಂಬ ಬರೆದ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಗುಡಿಯ ಕಮಿಟಿಯಲ್ಲಿ ಕೂತಾಗ, ಸುಣ್ಣ ಬಳಿಸುವ ಠರಾವಿಗೆ ಕೈ ಎತ್ತುವ ಮೊದಲು ಪ್ರಶ್ನೆ ಕೇಳಿದರೆ, 1930ರಲ್ಲಿ ಕಾರಂತರು ಶುರುಮಾಡಿದ ಕೆಲಸ ಈ ಸೀಮೆಯಲ್ಲೂ ನಡೆಯುತ್ತಿದೆ ಎನ್ನಬಹುದು.